ಬೀಳುವ ನೀರು, ಹುಟ್ಟುವ ನೀರು: ಧಾರವಾಡ ಸೀಮೆಯ ಹವೆ ಮತ್ತು ಸ್ಕೋಪಿನ ಗಾಜು

ಧಾರವಾಡ ಜಿಲ್ಲೆಯಲ್ಲಿ ಪಡುವಣದಿಂದ ಮೂಡಣಕ್ಕೆ ಸಾಗಿದಂತೆ ನೀರಿನ ನಡೆ ಬದಲಾಗುತ್ತದೆ. ಕಲಘಟಗಿ ಮಲೆನಾಡಿನ ಸೆರಗು; ಮುಂಗಾರು ಹಿಡಿದರೆ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ನವಲಗುಂದ, ಅಣ್ಣಿಗೇರಿಗಳು ಎರೆಭೂಮಿಯ ಬಯಲು. ಮಳೆ ಕಡಿಮೆ, ಹಿಂಗಾರಿ ಬೆಳೆಯ ಕಾಲಕ್ಕೆ ಇಬ್ಬನಿ ದಟ್ಟ. ರೈಫಲ್ ಸ್ಕೋಪ್ ಮತ್ತು ದುರ್ಬೀನುಗಳ ಮೇಲಿನ ಜಲನಿರೋಧಕ ಲೇಪ ಈ ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆ ಎಂಬ ನಂಬಿಕೆ ಬಳಕೆದಾರರಲ್ಲಿ ವ್ಯಾಪಕವಾಗಿದೆ. ಆ ನಂಬಿಕೆ ತಪ್ಪು. ಗಾಜಿನ ಮೇಲೆ ಬೀಳುವ ನೀರು ಬೇರೆ, ಗಾಜಿನ ಮೇಲೆಯೇ ಹುಟ್ಟುವ ನೀರು ಬೇರೆ.

ಈ ಭಾಗದಲ್ಲಿ ಸ್ಕೋಪ್ ಯಾರಿಗೆ ಬೇಕು? ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಹಳೆಯ ಮದ್ದು ತುಂಬುವ ಬಂದೂಕುಗಳಿಗೆ ಸ್ಕೋಪಿನ ಹಂಗಿಲ್ಲ. ಅಲ್ಲಿ ತೇವದ ಕಾಟ ಏನಿದ್ದರೂ ಮದ್ದಿಗೆ. ಸ್ಕೋಪಿನ ನಿಜವಾದ ಅಗತ್ಯ ಕಾಣುವುದು ವನ್ಯಜೀವಿ ವೈದ್ಯರ ಅರಿವಳಿಕೆ ಬಂದೂಕಿನಲ್ಲಿ. ಹಳಿಯಾಳ, ದಾಂಡೇಲಿ ಕಡೆಯ ಕಾಡಿನಿಂದ ಕಲಘಟಗಿ ತಾಲ್ಲೂಕಿನ ಭತ್ತದ ಗದ್ದೆಗಳಿಗೆ ಆನೆಗಳು ಇಳಿಯುವುದುಂಟು. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಚಿರತೆ ಕಾಣಿಸಿಕೊಂಡಾಗ ಊರಿಗೆ ಊರೇ ಗಾಬರಿಯಾಗಿತ್ತು. ಅದೇ ತಿಂಗಳು ಧಾರವಾಡ ಸಮೀಪದ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿತ್ತು. ಇಂಥ ಕಾರ್ಯಾಚರಣೆಗಳು ಬಹುಪಾಲು ನಡೆಯುವುದು ಮಳೆಗಾಲದಲ್ಲಿ, ಇಲ್ಲವೇ ನಸುಕಿನಲ್ಲಿ. ಪಕ್ಷಿವೀಕ್ಷಕರ ಪಾಡೂ ಇದೇ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವವರು ಬೆಳಕು ಹರಿಯುವ ಮೊದಲೇ ದಂಡೆಯಲ್ಲಿರುತ್ತಾರೆ.

ಲೇಪಗಳ ಚರಿತ್ರೆ ಆರಂಭವಾಗುವುದು ನೀರಿನಿಂದಲ್ಲ, ಬೆಳಕಿನಿಂದ. ಬರಿಯ ಗಾಜಿನ ಪ್ರತಿ ಮೇಲ್ಮೈ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಐದು ಮಸೂರಗಳ ಸ್ಕೋಪಿನಲ್ಲಿ ಹತ್ತು ಮೇಲ್ಮೈಗಳಿದ್ದರೆ ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಮಾತ್ರ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಇದಕ್ಕೆ ತೆಳುಪದರದ ಪರಿಹಾರ ಕಂಡುಕೊಂಡರು. ಮುಂದೆ ರೂಢಿಗೆ ಬಂದ ಮೆಗ್ನೀಸಿಯಂ ಫ್ಲೋರೈಡ್ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್. ಇಂದಿನ ಜಲನಿರೋಧಕ ಲೇಪ ಕೂರುವುದು ಇಂಥ ಪದರಗಳ ನೆತ್ತಿಯ ಮೇಲೆ, ಕೆಲವೇ ನ್ಯಾನೋಮೀಟರ್ ದಪ್ಪದ ಫ್ಲೋರಿನ್‌ಯುಕ್ತ ಪೊರೆಯಾಗಿ.

ಹನಿಯೊಂದು ಗಾಜನ್ನು ಎಷ್ಟು ತಬ್ಬಿಕೊಳ್ಳುತ್ತದೆ ಎಂಬುದಕ್ಕೆ ಸ್ಪರ್ಶಕೋನವೇ ಅಳತೆ. ಇದರ ಮೂಲತತ್ವವನ್ನು ಥಾಮಸ್ ಯಂಗ್ 1805ರಲ್ಲಿ ವಿವರಿಸಿದರು. ಶುಚಿಯಾದ ಗಾಜಿನ ಮೇಲೆ ಕೋನ ಬಹಳ ಕಡಿಮೆ, ನೀರು ಹರಡಿಕೊಳ್ಳುತ್ತದೆ. ಫ್ಲೋರಿನ್ ಲೇಪದ ಮೇಲೆ ಅದು 110 ಡಿಗ್ರಿಯ ಆಸುಪಾಸಿಗೆ ಏರಿ, ನೀರು ಗುಂಡಗಿನ ಹನಿಯಾಗಿ ಜಾರುತ್ತದೆ. ಕಮಲದ ಎಲೆಯಲ್ಲಿ ಈ ಕೋನ 150 ಡಿಗ್ರಿಗೂ ಮೇಲು. ಮೇಣದ ಜೊತೆಗೆ ಎಲೆಯ ಮೈಮೇಲಿನ ಅತಿಸೂಕ್ಷ್ಮ ಉಬ್ಬುಗಳೂ ಇದಕ್ಕೆ ಕಾರಣವೆಂದು ಬಾರ್ಥ್‌ಲಾಟ್ ಮತ್ತು ನೈನ್‌ಹಯಸ್ 1997ರಲ್ಲಿ ತೋರಿಸಿದರು. ಆ ಒರಟುತನವನ್ನು ಮಸೂರಕ್ಕೆ ತರುವುದು ಸುಲಭವಲ್ಲ: ಉಬ್ಬುಗಳು ಬೆಳಕಿನ ತರಂಗಾಂತರದಷ್ಟು ದೊಡ್ಡವಾದರೆ ಬೆಳಕು ಚದುರುತ್ತದೆ, ಒರೆಸಿದರೆ ಉಬ್ಬುಗಳೇ ಸವೆಯುತ್ತವೆ. ಆದ್ದರಿಂದ ಮಸೂರಕ್ಕೆ ನುಣುಪು ಲೇಪವೇ ಗತಿ. ಕಲಘಟಗಿಯ ಮಳೆಗೆ ಅಷ್ಟು ಸಾಕು. ಹನಿ ಜಾರುತ್ತದೆ, ಉಳಿದದ್ದನ್ನು ಊದಿದರೆ ಹೋಗುತ್ತದೆ.

ನವಲಗುಂದದ ಬಯಲಿನ ಕತೆ ಬೇರೆ. ಹಿಂಗಾರಿ ಕಾಲದಲ್ಲಿ ಆಕಾಶ ನಿರಭ್ರ. ನೆಲ, ಎಲೆ, ಲೋಹ, ಗಾಜು ಎಲ್ಲವೂ ರಾತ್ರಿಯಿಡೀ ಶಾಖವನ್ನು ಮೇಲಕ್ಕೆ ಚೆಲ್ಲಿ ಸುತ್ತಲ ಗಾಳಿಗಿಂತ ತಣ್ಣಗಾಗುತ್ತವೆ. ಇಬ್ಬನಿಯ ಈ ಕಾರಣವನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲೇ ಪ್ರಯೋಗಗಳಿಂದ ಸಾಧಿಸಿದ್ದರು. ಅಣ್ಣಿಗೇರಿ ಎಂದರೆ ಕಡಲೆ. ಆ ಊರಿನ ಹೆಸರನ್ನೇ ಹೊತ್ತ ‘ಅಣ್ಣಿಗೇರಿ-1’ ತಳಿ ಕರ್ನಾಟಕದ ಹೊಲಗಳಲ್ಲಿ ಬಹುಕಾಲ ಹಬ್ಬಿತ್ತು. ಕಡಲೆ ಗಿಡಗಳ ಮೇಲೆ ರಾತ್ರಿ ತೆಳುಬಟ್ಟೆ ಹಾಸಿ, ನಸುಕಿನಲ್ಲಿ ಅದನ್ನು ಪಾತ್ರೆಗೆ ಹಿಂಡಿ ಹುಳಿ ತೆಗೆಯುವ ಪದ್ಧತಿ ರೈತರಲ್ಲಿ ಹಳೆಯದು. ಎಲೆಯ ರೋಮಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತವೆ. ಬಟ್ಟೆಯನ್ನು ಹಿಂಡುವಷ್ಟು ತೋಯಿಸುವ ಆ ಇಬ್ಬನಿ ಬದುವಿನ ಮೇಲಿಟ್ಟ ಸ್ಕೋಪನ್ನು ಬಿಟ್ಟೀತೆ?

ಲೆಕ್ಕ ನೋಡಬಹುದು. ಗಾಳಿಯ ಉಷ್ಣತೆ 16 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 90 ಇದ್ದಾಗ ಇಬ್ಬನಿ ಬಿಂದು ಸುಮಾರು 14.4 ಡಿಗ್ರಿ. ಮಸೂರ ಗಾಳಿಗಿಂತ ಎರಡು ಡಿಗ್ರಿ ತಣ್ಣಗಾದರೂ ಸಾಕು, ಆವಿ ಅದರ ಮೇಲೆ ಹನಿಗಟ್ಟುತ್ತದೆ. ಯಾವ ಜಲನಿರೋಧಕ ಪೊರೆಯೂ ಇದನ್ನು ನಿಲ್ಲಿಸಲಾರದು, ಏಕೆಂದರೆ ಅದು ಗಾಜನ್ನು ಬೆಚ್ಚಗಿಡುವುದಿಲ್ಲ. ಸಾಲದ್ದಕ್ಕೆ ಹನಿಗಳನ್ನು ಗುಂಡಗೆ, ಬಿಡಿಬಿಡಿಯಾಗಿ ಇಡುತ್ತದೆ. ಅಂಥ ಸಾವಿರಾರು ಹನಿಗಳು ಬೆಳಕನ್ನು ಚದುರಿಸಿ ದೃಶ್ಯವನ್ನು ಮಸುಕಾಗಿಸುತ್ತವೆ. ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಚಿತ್ತಾರದ ಬಗ್ಗೆ ಲಾರ್ಡ್ ರೇಲಿ 1911ರಲ್ಲಿ ಬರೆದಿದ್ದರು: ಶುಚಿಯಾದ ಜಾಗದಲ್ಲಿ ತೇವ ತೆಳುಪೊರೆಯಾಗಿ ಹರಡುತ್ತದೆ, ಜಿಡ್ಡಿರುವಲ್ಲಿ ಹನಿಯಾಗುತ್ತದೆ. ಮಂಜುನಿರೋಧಕ ಲೇಪಗಳು ಹಿಡಿದಿರುವುದು ಮೊದಲನೆಯ ದಾರಿ. ಅವು ನೀರನ್ನು ದೂಡುವುದಿಲ್ಲ, ಸಮನಾಗಿ ಹರಡಿಸುತ್ತವೆ.

ಒಳಮಸುಕಿನ ವಿಷಯ ಸಂಕ್ಷಿಪ್ತ. ಒಳ್ಳೆಯ ಸ್ಕೋಪಿನಿಂದ ಗಾಳಿ ಹೊರದೂಡಿ ಒಣ ನೈಟ್ರೋಜನ್ ತುಂಬಿ, ರಬ್ಬರ್ ಉಂಗುರಗಳಿಂದ ಮುಚ್ಚುತ್ತಾರೆ. ಒಳಗೆ ಮಸುಕು ಕಂಡರೆ ಮುಚ್ಚಳಿಕೆ ಸಡಿಲವಾಗಿದೆ ಎಂದೇ ಅರ್ಥ, ಹೊರಲೇಪದ ದೋಷವಲ್ಲ.

ಹೊರಮಸುಕಿಗೆ ಸಿಬ್ಬಂದಿಯ ಅಭ್ಯಾಸವೂ ಕಾರಣವಾಗುತ್ತದೆ. ಆಗಸ್ಟ್‌ನಲ್ಲಿ ಹೊರಗೆ 26 ಡಿಗ್ರಿ, ಆರ್ದ್ರತೆ ಶೇ. 80 ಇದ್ದರೆ ಇಬ್ಬನಿ ಬಿಂದು 22 ದಾಟಿರುತ್ತದೆ. 20 ಡಿಗ್ರಿಯ ಎ.ಸಿ. ಜೀಪಿನಿಂದ ಇಳಿಸಿದ ಬಂದೂಕಿನ ಸ್ಕೋಪ್ ಆ ಕ್ಷಣವೇ ಕುರುಡಾಗುತ್ತದೆ. ಕಣ್ಣಿನ ಕಡೆಯ ಮಸೂರಕ್ಕೆ ಬಿಸಿಯುಸಿರಿನ ಕಾಟ ಬೇರೆ. ಅವಸರದಲ್ಲಿ ಹೆಗಲ ಮೇಲಿನ ಟವೆಲ್‌ನಿಂದ ಒರೆಸಿದರೆ ಹೊಲದ ಧೂಳಿನಲ್ಲಿರುವ ಗಟ್ಟಿ ಕಣಗಳು ಲೇಪವನ್ನೇ ಗೀರುತ್ತವೆ. ಜೀಪಿನ ಎ.ಸಿ.ಯನ್ನು ಮೊದಲೇ ಆರಿಸುವುದು, ನಸುಕಿನಲ್ಲಿ ಮಸೂರದ ಮುಚ್ಚಳವನ್ನು ಕೊನೆಯ ಗಳಿಗೆಯವರೆಗೆ ತೆಗೆಯದಿರುವುದು, ಸ್ಕೋಪನ್ನು ಬಯಲಿಗೆ ಒಡ್ಡದೆ ಮರದಡಿಯೋ ಹೊದಿಕೆಯಡಿಯೋ ಇಡುವುದು ಯಾವ ದುಬಾರಿ ಲೇಪಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಖರೀದಿಯ ಕಾಗದಪತ್ರಗಳಲ್ಲಿ ಮೆಚ್ಚುಗೆ ಪಡೆಯುವ ಐಪಿ67 ಗುರುತು ಹೇಳುವುದಿಷ್ಟೆ: ಉಪಕರಣದೊಳಗೆ ಧೂಳು ನುಗ್ಗದು, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಹಾನಿಯಾಗುವಷ್ಟು ನೀರು ಸೇರದು. ಹೊರಗಾಜಿನ ಮೇಲೆ ಕೂರುವ ಇಬ್ಬನಿಯ ಮಾತು ಅದರಲ್ಲಿಲ್ಲ. ದೃಗುಪಕರಣಗಳ ಪರಿಸರ ಪರೀಕ್ಷೆಗೆಂದೇ ಐಎಸ್ಒ 9022 ಮಾನಕವಿದ್ದು, ಆವಿ ಹನಿಗಟ್ಟುವ ಸ್ಥಿತಿಯ ಪರೀಕ್ಷೆಯೂ ಅದರಲ್ಲಿ ಸೇರಿದೆ. ಮಲೆನಾಡಿನ ಸೆರಗನ್ನೂ ಎರೆಬಯಲನ್ನೂ ಒಟ್ಟಿಗೆ ಕಾಯಬೇಕಾದ ಇಲಾಖೆಗಳು ಟೆಂಡರ್ ಕರೆಯುವಾಗ ಆ ಪರೀಕ್ಷೆಯ ವರದಿಯನ್ನೂ ಕೇಳಬೇಕು.