ಏಳು ಹಾಲಿಗೆ ಆರು ಕಲದಾರ

ಗದಗಿನಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಕೊಪ್ಪಳಕ್ಕೆ ಹೋಗುವ ವ್ಯಾಪಾರಿಗೆ ಇವತ್ತು ಚುನಾವಣೆ ಬಂದಾಗಷ್ಟೇ ತಪಾಸಣೆಯ ಕಾಟ: 50,000 ರೂಪಾಯಿ ಮೀರಿದ ನಗದಿಗೆ ಕಾಗದಪತ್ರ ತೋರಿಸಬೇಕು. 1948ಕ್ಕೆ ಮೊದಲು ಇದೇ ದಾರಿ ನಾಲ್ಕು ಸರಕಾರಗಳ ನೆಲವನ್ನು ತುಳಿಯುತ್ತಿತ್ತು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯವು. ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಮುಂಡರಗಿಯಾಚೆ, ಕೊಪ್ಪಳದ ಕಡೆಗೆ, ಹೈದರಾಬಾದ್ ನಿಜಾಮನ ಸೀಮೆ; ಅಲ್ಲಿಗೆ ಕಾಲಿಟ್ಟರೆ ಸುಂಕ.

ಸುಂಕ ಈ ನೆಲಕ್ಕೆ ಹೊಸದಲ್ಲ. ಲಕ್ಷ್ಮೇಶ್ವರ ಹಳೆಯ ಪುಲಿಗೆರೆ. ಗದಗಿನ ಪಕ್ಕದ ಲಕ್ಕುಂಡಿಯ ಟಂಕಸಾಲೆಯಲ್ಲಿ ಲೊಕ್ಕಿ ಗದ್ಯಾಣವೆಂಬ ನಾಣ್ಯ ಅಚ್ಚಾಗುತ್ತಿತ್ತು. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳೂ ಅವನ್ನು ನೋಡಿಕೊಳ್ಳುವ ಸುಂಕವೆರ್ಗಡೆಯೂ ಮತ್ತೆ ಮತ್ತೆ ಬರುತ್ತವೆ. ಎಷ್ಟೋ ಕಡೆ ಲೆಕ್ಕ ಹೇರಿನದು. ಎತ್ತಿನ ಮೇಲೆ ಎಷ್ಟು ಹೇರಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬಾಯಿಬಿಟ್ಟು ಹೇಳಬೇಕಾದ್ದು ಕಡಿಮೆ.

ನಿಜಾಮನ ಕರೋಡಗಿರಿ ನಾಕಾದಲ್ಲಿ, ಅಂದರೆ ಗಡಿಯ ಸುಂಕದ ಕಟ್ಟೆಯಲ್ಲಿ, ಹಾಗಲ್ಲ. ಈಸ್ಟ್ ಇಂಡಿಯಾ ಕಂಪನಿಯೊಡನೆ 1802ರಲ್ಲಿ ಆದ ವಾಣಿಜ್ಯ ಒಪ್ಪಂದ ಆಮದು ಸರಕಿಗೆ ನಿಗದಿ ಮಾಡಿದ್ದು ಬೆಲೆಯ ಮೇಲೆ ಶೇ. 5. ಬೆಲೆಯ ಮೇಲೆ ಸುಂಕ ಎಂದಮೇಲೆ ಬೆಲೆ ಎಷ್ಟೆಂದು ಮಾಲಿನವನು ಹೇಳಬೇಕು, ನಾಕಾದವನು ಒಪ್ಪಬೇಕು. ಜಗಳದ ಬೀಜ ಇರುವುದೇ ಅಲ್ಲಿ. 1884ರಲ್ಲಿ ಗದಗಿಗೆ ರೈಲು ಬಂದು, ಬಳ್ಳಾರಿಯ ಹಾದಿ ಕೊಪ್ಪಳದ ಮೂಲಕವೇ ಸಾಗಿದರೂ ಈ ಗಡಿ ಅಳಿಯಲಿಲ್ಲ.

ಕಿಸೆಯೊಳಗಿನ ಹಣಕ್ಕೂ ಗಡಿ ಇತ್ತು. ಅತ್ತ ನಿಜಾಮನ ಹಾಲಿ ಸಿಕ್ಕಾ, ಇತ್ತ ಬ್ರಿಟಿಷರ ಕಲದಾರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ಎಂಬುದು ಸರಕಾರಿ ದರ. ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ ಉಣ್ಣುವ ಜನ ತಮ್ಮ ನೆಂಟರೂರಿನ ಸಂತೆಗೆ ಹೋಗಲು ನಾಣ್ಯ ಬದಲಿಸಿಕೊಳ್ಳಬೇಕಿತ್ತು. ಕರ್ನಾಟಕ ಏಕೀಕರಣದ ಚರಿತ್ರೆಯಲ್ಲಿ ಭಾಷಣ, ನಿರ್ಣಯಗಳಿಗೆ ಸಿಕ್ಕಷ್ಟು ಜಾಗ ಈ ದಿನನಿತ್ಯದ ಕಿರುಕುಳಕ್ಕೆ ಸಿಗದಿರುವುದು ದೊಡ್ಡ ಕೊರತೆ.

1947-48ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಮುಂಡರಗಿ ಗಡಿ ಶಿಬಿರವಾಯಿತು. ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿ. ಗಡಿ ಶಿಬಿರಗಳ ಹೋರಾಟಗಾರರು ಎರಗಿದ ತಾಣಗಳಲ್ಲಿ ಕರೋಡಗಿರಿ ನಾಕಾಗಳೂ ಸೇರಿದ್ದವು. ಹಳ್ಳಿಗರ ಪಾಲಿಗೆ ನಿಜಾಮನ ಸರಕಾರವೆಂದರೆ ದಿನವೂ ಎದುರಾಗುತ್ತಿದ್ದ ಆ ಕಟ್ಟೆಯೇ.

1948ರ ಮಾರ್ಚ್‌ನಲ್ಲಿ ಮಿರಜ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಸೆಪ್ಟೆಂಬರಿನಲ್ಲಿ ಹೈದರಾಬಾದೂ ಭಾರತಕ್ಕೆ ಸೇರಿತು. ಹಾಲಿ ಸಿಕ್ಕಾ ಮಾತ್ರ ಬೇಗ ಬಿಟ್ಟುಹೋಗಲಿಲ್ಲ: 1956ರಲ್ಲಿ ಗದಗ, ಕೊಪ್ಪಳ ಒಂದೇ ರಾಜ್ಯದೊಳಗೆ ಬಂದ ಮೇಲೂ ಅದರ ಮಾನ್ಯತೆ ರದ್ದಾದದ್ದು 1959ರಲ್ಲಿ.