ನಗೆ ಅನಿಲದ ಇನ್ನೊಂದು ಮುಖ

ಅಮೋನಿಯಂ ನೈಟ್ರೇಟನ್ನು ಎಚ್ಚರಿಕೆಯಿಂದ ಕಾಯಿಸಿದರೆ ನೈಟ್ರಸ್ ಆಕ್ಸೈಡ್ ದೊರೆಯುತ್ತದೆ, ಇದಕ್ಕೆ ‘ನಗೆ ಅನಿಲ’ವೆಂಬ ಹೆಸರೂ ಉಂಟು ಎಂದೊಡನೆ ನನ್ನ ತರಗತಿಯ ಮಕ್ಕಳು ಅನಿಲವಿಲ್ಲದೆಯೇ ನಗುತ್ತಿದ್ದರು. ಆ ಅನಿಲದ ಚರಿತ್ರೆ ಬಹುಮಟ್ಟಿಗೆ ಹಲ್ಲುನೋವಿನ ಚರಿತ್ರೆ.

ಬ್ರಿಸ್ಟಲ್ ನಗರದಲ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿದ ಹಂಫ್ರಿ ಡೇವಿ, ಈ ಅನಿಲ ತನ್ನ ವಸಡಿನ ನೋವನ್ನು ತಗ್ಗಿಸಿತೆಂದೂ ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರಬಹುದೆಂದೂ 1800ರಲ್ಲಿ ಪ್ರಕಟಿಸಿದ. ಯಾರೂ ಕಿವಿಗೊಡಲಿಲ್ಲ. ಅದು ಜನರನ್ನು ನಗಿಸುವ ಪ್ರದರ್ಶನದ ವಸ್ತುವಾಗಿ ಉಳಿಯಿತು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಗಾರ್ಡನರ್ ಕೋಲ್ಟನ್ ಅಂಥದೊಂದು ಪ್ರದರ್ಶನ ನಡೆಸಿದ. ಅನಿಲ ಸೇವಿಸಿದವನೊಬ್ಬ ಕಾಲಿಗೆ ಪೆಟ್ಟಾದರೂ ನೋವನ್ನೇ ಅರಿಯದಿದ್ದುದನ್ನು ದಂತವೈದ್ಯ ಹೊರೇಸ್ ವೆಲ್ಸ್ ಕಂಡ. ಮರುದಿನವೇ ತಾನೂ ಅನಿಲ ಸೇವಿಸಿ ಹಲ್ಲು ಕೀಳಿಸಿಕೊಂಡ! ಆದರೆ 1845ರಲ್ಲಿ ಬಾಸ್ಟನ್‌ನ ವೈದ್ಯರ ಮುಂದೆ ರೋಗಿ ಕೂಗಿಕೊಂಡದ್ದರಿಂದ ವೆಲ್ಸ್ ನಗೆಪಾಟಲಾದ; 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1863ರಲ್ಲಿ ಅದೇ ಕೋಲ್ಟನ್ ಈ ಅನಿಲವನ್ನು ದಂತಚಿಕಿತ್ಸೆಗೆ ಮರಳಿ ತಂದ.

ಅಲ್ಲಿಂದಾಚೆಗೆ ಅಸಂಖ್ಯ ರೋಗಿಗಳು ಅದನ್ನು ಸೇವಿಸಿ ಸುಖವಾಗಿ ಮನೆಗೆ ಹೋದರು. ಹೀಗಾಗಿ ಅದು ನಿರಪಾಯವೆಂಬ ನಂಬಿಕೆ ಬಲಿಯಿತು. 1956ರಲ್ಲಿ ಡೆನ್ಮಾರ್ಕಿನಿಂದ ಬೇರೊಂದು ವರದಿ ಬಂತು: ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲ ಕೊಟ್ಟಾಗ ಅವರ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಗ್ಗಿತ್ತು. 1978ರಲ್ಲಿ ಅಮೆರಿಕದ ನರರೋಗತಜ್ಞ ಲೇಜರ್, ಕೈಕಾಲು ಜೋಮು ಹಿಡಿದು ನಡಿಗೆ ತಪ್ಪಿದ 15 ರೋಗಿಗಳನ್ನು ವರ್ಣಿಸಿದರು. ಅವರಲ್ಲಿ 14 ಮಂದಿ ದಂತವೈದ್ಯರೇ! ಹೆಚ್ಚಿನವರು ಮೋಜಿಗಾಗಿ ಅನಿಲ ಸೇದುತ್ತಿದ್ದವರು.

ಕಾರಣ ಸರಳ. ವಿಟಮಿನ್ ಬಿ12ರ ನಡುವೆ ಕೋಬಾಲ್ಟ್ ಪರಮಾಣುವಿದೆ; ಈ ಅನಿಲ ಅದನ್ನು ಉತ್ಕರ್ಷಿಸಿ ನಿಷ್ಕ್ರಿಯಗೊಳಿಸುತ್ತದೆ. ಆಗ ಹೋಮೋಸಿಸ್ಟೀನನ್ನು ಮೆಥಿಯೋನಿನ್ ಆಗಿಸುವ ಕಿಣ್ವ ನಿಲ್ಲುತ್ತದೆ. ಆರೋಗ್ಯವಂತನಿಗೆ ಅರ್ಧ ಗಂಟೆಯ ಅನಿಲ ಏನೂ ಮಾಡದು. ಆ ದಾರಿಯಲ್ಲಿ ಹುಟ್ಟಿನಿಂದಲೇ ಕೊರತೆಯುಳ್ಳವರ ಗತಿಯೇನು? 2003ರಲ್ಲಿ ಅಮೆರಿಕದಿಂದ ವರದಿಯಾದ ಶಿಶುವಿಗೆ ಎಂಟಿಎಚ್‌ಎಫ್‌ಆರ್ ಎಂಬ ಕಿಣ್ವದ ತೀವ್ರ ಕೊರತೆಯಿತ್ತು. ಅದು ಯಾರಿಗೂ ತಿಳಿದಿರಲಿಲ್ಲ. ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಅನಿಲ ಕೊಡಲಾಯಿತು. ಮಗು 130 ದಿನಗಳ ಪ್ರಾಯದಲ್ಲಿ ತೀರಿಕೊಂಡಿತು. ಅದು ಹಲ್ಲಿನ ಶಸ್ತ್ರಚಿಕಿತ್ಸೆಯಲ್ಲ, ನಿಜ. ಆದರೆ ದಂತವೈದ್ಯರ ಕುರ್ಚಿಗೂ ಇಂಥ ರೋಗಿಗಳು ಬರುತ್ತಾರೆ. 1962ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕರು ವರ್ಣಿಸಿದ ಹೋಮೋಸಿಸ್ಟಿನ್ಯೂರಿಯಾ ರೋಗದಲ್ಲಿ ಅಂಗುಳು ಎತ್ತರವಾಗಿ, ಹಲ್ಲುಗಳು ಒತ್ತೊತ್ತಾಗಿರುವುದುಂಟು. ಇವರ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದರಿಂದ ನಗೆ ಅನಿಲವೂ ಸಲ್ಲದು, ನೀರಿಲ್ಲದ ದೀರ್ಘ ಉಪವಾಸವೂ ಸಲ್ಲದು. ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು, ಮಿಡಜೋಲಾಮ್‌ನಂಥ ಶಾಮಕ, ಬೇಕಾದರೆ ಗ್ಲೂಕೋಸ್ ದ್ರಾವಣ: ಹೀಗೆ ಬೇರೆ ಮಾರ್ಗಗಳಿವೆ.

ಈ ದೋಷಗಳು ತಂದೆತಾಯಿ ಇಬ್ಬರಿಂದಲೂ ಬಂದಾಗಲೇ ರೋಗವಾಗುತ್ತವೆ. ಸೋದರಮಾವ, ಸೋದರತ್ತೆಯ ಮಕ್ಕಳಲ್ಲಿ ಸಂಬಂಧ ಬೆಳೆಸುವ ನಮ್ಮ ಕಡೆ ಇದು ದೂರದ ಮಾತಲ್ಲ. ಎಲ್ಲ ನವಜಾತ ಶಿಶುಗಳಿಗೂ ಇವುಗಳ ಪರೀಕ್ಷೆ ನಡೆಯುವ ವ್ಯವಸ್ಥೆಯೂ ದೇಶದಲ್ಲಿಲ್ಲ. ಆದುದರಿಂದ ಮಗುವಿನ ಹಲ್ಲು ಕೀಳಿಸಲು ಹೋದಾಗ, ಮನೆಯಲ್ಲಿ ಕಾರಣ ತಿಳಿಯದೆ ತೀರಿಕೊಂಡ ಕೂಸುಗಳಿದ್ದರೆ, ವೈದ್ಯರು ಕೇಳದಿದ್ದರೂ ಮೊದಲೇ ಹೇಳಿಬಿಡಿ.