ಮೆರವಣಿಗೆ, ಜಾತಿ, ಟಿಕೆಟ್: ಆದವಾನಿ ಸೀಮೆಯ ಚುನಾವಣೆಗಳು

2019ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ಆಂಧ್ರಪ್ರದೇಶದಲ್ಲಿ ಬಿಜೆಪಿಗೆ ಬಿದ್ದ ಮತ ಶೇ. 1ಕ್ಕೂ ಕಡಿಮೆ, ‘ನೋಟಾ’ಕ್ಕೇ ಅದಕ್ಕಿಂತ ಹೆಚ್ಚು ಬಿದ್ದಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷದ ಪಿ.ವಿ. ಪಾರ್ಥಸಾರಥಿ ಆದವಾನಿಯಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನ ವೈ. ಸಾಯಿಪ್ರಸಾದ ರೆಡ್ಡಿಯವರನ್ನು 18,164 ಮತಗಳಿಂದ ಸೋಲಿಸಿದರು. ಸಂಘ ಪರಿವಾರದ ಕಾರ್ಯಕರ್ತರ ತಳಮಟ್ಟದ ದುಡಿಮೆಯೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ಪಕ್ಕದ ಆಲೂರು ಕ್ಷೇತ್ರ ಈ ಮಾತಿಗೆ ಒಗ್ಗುವುದಿಲ್ಲ.

ಆ ಕ್ಷೇತ್ರದ ಹೊಳಗುಂದದಲ್ಲಿ 2022ರ ಏಪ್ರಿಲ್‌ನಲ್ಲಿ ಹನುಮ ಜಯಂತಿಯ ಶೋಭಾಯಾತ್ರೆ ಮಸೀದಿಯ ಬಳಿ ಬಂದಾಗ ಘೋಷಣೆ, ವಾಗ್ವಾದ ಬೆಳೆದು ಕಲ್ಲು ತೂರಾಟವಾಯಿತು, ಹಲವರು ಗಾಯಗೊಂಡರು. ಬೀದಿಯ ಕಾವು ಮತವಾಗಿ ಇಳಿಯುವುದಿದ್ದರೆ ಇಲ್ಲೇ ಇಳಿಯಬೇಕಿತ್ತು. 2024ರಲ್ಲಿ ತೆಲುಗುದೇಶಂ, ಜನಸೇನಾ, ಬಿಜೆಪಿ ಕೂಟ 175ರಲ್ಲಿ 164 ಸ್ಥಾನ ಬಾಚಿಕೊಂಡರೂ ಆಲೂರು 2,831 ಮತಗಳ ಅಂತರದಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನ ವಿರೂಪಾಕ್ಷಿಯವರ ಪಾಲಾಯಿತು. ಅಲ್ಲಿ ಕೂಟದ ಅಭ್ಯರ್ಥಿ ತೆಲುಗುದೇಶಂನವರು, ಕಮಲದ ಗುರುತು ಯಂತ್ರದಲ್ಲೇ ಇರಲಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ವಿರೂಪಾಕ್ಷಿಯವರೂ ಪಾರ್ಥಸಾರಥಿಯವರೂ ವಾಲ್ಮೀಕಿ (ಬೋಯ) ಸಮುದಾಯದವರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಇಂದು ಬಳ್ಳಾರಿಯ ನಾಯಕರು (ವಾಲ್ಮೀಕಿಗಳು) ಪರಿಶಿಷ್ಟ ಪಂಗಡ. ಗಡಿ ದಾಟಿದರೆ ಅದೇ ಜನ ಹಿಂದುಳಿದ ವರ್ಗ. ಬೀಗರ ಮನೆಯ ಹುಡುಗನಿಗೆ ಸಿಕ್ಕ ಮೀಸಲಾತಿ ತಮ್ಮ ಮಗನಿಗೇಕಿಲ್ಲ ಎಂಬ ಕೊರಗು ಹಳೆಯದು. 2017ರಲ್ಲಿ ತೆಲುಗುದೇಶಂ ಸರ್ಕಾರವೂ 2023ರಲ್ಲಿ ವೈಎಸ್‌ಆರ್ ಕಾಂಗ್ರೆಸ್ ಸರ್ಕಾರವೂ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ವಿಧಾನಸಭೆಯಲ್ಲಿ ನಿರ್ಣಯ ಮಾಡಿದವು. ಪಟ್ಟಿ ತಿದ್ದುವ ಅಧಿಕಾರವಿರುವುದು ಮಾತ್ರ ಸಂಸತ್ತಿಗೆ. ದೆಹಲಿಯಲ್ಲಿ ಆಳುವ ಪಕ್ಷ ವಾಲ್ಮೀಕಿಯೊಬ್ಬರಿಗೆ ಟಿಕೆಟ್ ಕೊಟ್ಟದ್ದರ ತೂಕ ಇಲ್ಲಿದೆ.

2014ರಲ್ಲೂ ಮೈತ್ರಿಯಿತ್ತು. ಆಗ ಆದವಾನಿ ತೆಲುಗುದೇಶಂ ಪಾಲಿಗೆ ಹೋಗಿ, ಕೂಟ ಸೋತಿತು. 2024ರಲ್ಲಿ ಸೀಟು ಕೇಳಿ ಪಡೆಯುವಷ್ಟು ಬಲ ಬಿಜೆಪಿಗಿತ್ತು. ಕಾರ್ಯಕರ್ತರ ಪ್ರಭಾವವನ್ನು ಹುಡುಕಬೇಕಾದದ್ದು ಬಹುಶಃ ಈ ಟಿಕೆಟ್ ಹಂಚಿಕೆಯಲ್ಲಿ. ಉಳಿದದ್ದನ್ನು ಜಾತಿ, ಆಡಳಿತವಿರೋಧಿ ಅಲೆ, ತೆಲುಗುದೇಶಂ ಮತಗಳ ವರ್ಗಾವಣೆ ಸೇರಿ ಮಾಡಿದವು. ಅಲೆಯೊಂದೇ ಸಾಕಾಗಿದ್ದರೆ ಮಂತ್ರಾಲಯದಲ್ಲಿ ಸಾಯಿಪ್ರಸಾದರ ಸೋದರ, ಅದೇ ಪಕ್ಷದ ಬಾಲನಾಗಿ ರೆಡ್ಡಿ ಉಳಿಯುತ್ತಿರಲಿಲ್ಲ.

ಸ್ಥಳೀಯ ಸಂಸ್ಥೆಗಳ ಮಾತು ಬೇರೆ. 2021ರ ಮಾರ್ಚ್‌ನಲ್ಲಿ ಆದವಾನಿ ಪುರಸಭೆಯನ್ನು ಗೆದ್ದದ್ದು ವೈಎಸ್‌ಆರ್ ಕಾಂಗ್ರೆಸ್. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. ಸರಪಂಚನ ಹಿಂದೆ ಯಾವ ಸಂಘಟನೆ ನಿಂತಿದೆಯೆಂಬುದು ಫಲಿತಾಂಶದ ಪಟ್ಟಿಯಲ್ಲಿ ಸಿಗುವುದಿಲ್ಲ, ಊರಿನ ಕಟ್ಟೆಯ ಮೇಲೆ ಕುಳಿತವರನ್ನೇ ಕೇಳಬೇಕು.